ಸಾವನ್ನು ಎಣಿಸಿದ ಮೇಷ್ಟ್ರು

2023ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಬೀದಿನಾಯಿಗಳ ಗಣತಿ ಮಾಡಿಸಿತು. ಇಡೀ ಊರಿಗೆ ಸುಮಾರು 2.79 ಲಕ್ಷ ನಾಯಿಗಳು ಎಂಬ ಲೆಕ್ಕ ಸಿಕ್ಕಿತು. ಎಂಟು ವಲಯಗಳ ಪೈಕಿ ಎಲ್ಲಕ್ಕಿಂತ ಹೆಚ್ಚು ನಾಯಿಗಳಿದ್ದದ್ದು ಮಹದೇವಪುರ ವಲಯದಲ್ಲಿ, 58 ಸಾವಿರಕ್ಕೂ ಮಿಕ್ಕಿ. ವೈಟ್‌ಫೀಲ್ಡ್ ಬಳಿಯ ಹೂಡಿ ಇರುವುದು ಆ ವಲಯದಲ್ಲೇ. ಈಗ ಪಾಲಿಕೆ ಒಡೆದು ಐದಾಗಿದೆ, ಆದರೆ ನಾಯಿಗಳೂ ಕಸವೂ ಖಾಲಿ ಸೈಟುಗಳೂ ಇದ್ದಲ್ಲೇ ಇವೆ. ರಾತ್ರಿ ಪಾಳಿ ಮುಗಿಸಿ ಕ್ಯಾಬ್ ಇಳಿದು ಪಿಜಿ ಕಡೆಗೆ ನಡೆಯುವ ಹುಡುಗಿ, ಬೆಳಕು ಹರಿಯುವ ಮೊದಲೇ ಸೈಕಲ್ ತುಳಿಯುತ್ತಾ ಕಾರ್ಖಾನೆಗೆ ಹೊರಟ ಕಾವಲುಗಾರ, ಕಟ್ಟಡ ಏಳುತ್ತಿರುವ ಜಾಗದ ತಗಡಿನ ಶೆಡ್ಡಿನ ಮುಂದೆ ಆಡುವ ಗಾರೆ ಕೆಲಸದವರ ಮಕ್ಕಳು, ಇವರೆಲ್ಲ ದಿನವೂ ಆ ನಾಯಿಗಳ ನಡುವೆಯೇ ಓಡಾಡುವವರು.

ಇವರಲ್ಲಿ ಯಾರಿಗಾದರೂ ನಾಯಿ ಕಚ್ಚಿದರೆ ಈಗ ದಾರಿ ಸ್ಪಷ್ಟವಿದೆ. ಸರ್ಕಾರಿ ಆಸ್ಪತ್ರೆಗೆ ಹೋದರೆ ತೋಳಿನ ಚರ್ಮದೊಳಗೆ ಎರಡು ಸಣ್ಣ ಸೂಜಿ ಹಾಕಿ ಕಳಿಸುತ್ತಾರೆ. ಒಟ್ಟು ನಾಲ್ಕು ಭೇಟಿ, ಕಾಸು ಕೊಡಬೇಕಿಲ್ಲ. ಐವತ್ತು ದಾಟಿದವರನ್ನು ಕೇಳಿ ನೋಡಿ, ಅವರ ನೆನಪೇ ಬೇರೆ: ಹೊಕ್ಕುಳ ಸುತ್ತ ದಿನಕ್ಕೊಂದರಂತೆ ಹದಿನಾಲ್ಕು ಇಂಜೆಕ್ಷನ್, ಊದಿದ ಹೊಟ್ಟೆ, ಮೂರನೇ ದಿನಕ್ಕೇ ಆಸ್ಪತ್ರೆಯ ಹೆಸರೆತ್ತಿದರೆ ಮನೆಯಿಂದ ಓಡಿಹೋಗುತ್ತಿದ್ದ ಹುಡುಗರು. ಹೊಟ್ಟೆಯಿಂದ ತೋಳಿಗೆ, ಹದಿನಾಲ್ಕರಿಂದ ನಾಲ್ಕಕ್ಕೆ ನಾವು ಬಂದದ್ದು ತಾನಾಗಿ ಅಲ್ಲ. ಅದರ ಹಿಂದೆ ಹಲವರ ದುಡಿಮೆಯಿದೆ. ಆ ಹಲವರ ನಡುವೆ ಬೆಂಗಳೂರಿನ ಒಬ್ಬ ಮೇಷ್ಟ್ರ ಪಾಲು ದೊಡ್ಡದು. ಅವರು ಡಾ. ಎಂ.ಕೆ. ಸುದರ್ಶನ್, ಕೆಂಪೇಗೌಡ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಅಂದರೆ ಕಿಮ್ಸ್‌ನಲ್ಲಿ ಸಮುದಾಯ ವೈದ್ಯಶಾಸ್ತ್ರ ಕಲಿಸಿದವರು, ಮುಂದೆ ಅದೇ ಕಾಲೇಜಿನ ಡೀನ್ ಮತ್ತು ಪ್ರಾಂಶುಪಾಲರಾಗಿದ್ದವರು.

ಸುದರ್ಶನ್ ಎಂದ ಕೂಡಲೇ ಕನ್ನಡ ಓದುಗರಿಗೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ದುಡಿದ ಡಾ. ಎಚ್. ಸುದರ್ಶನ್ ನೆನಪಾಗುತ್ತಾರೆ. ಅದು ಸಹಜ, ಅವರ ಕೆಲಸ ಅಷ್ಟು ದೊಡ್ಡದು. ಇವರು ಬೇರೆ. ಇವರ ಕಾರ್ಯಕ್ಷೇತ್ರ ಕಾಡಲ್ಲ, ಕಾಲೇಜು: ಪಾಠದ ಕೊಠಡಿ, ಹೊರರೋಗಿ ವಿಭಾಗದ ಸಾಲು, ಅಂಕಿ ತುಂಬಿದ ಕಾಗದ, ಸಮಿತಿಯ ಸಭೆ. ಇಂಥ ಬದುಕಿನ ಬಗ್ಗೆ ಪತ್ರಿಕೆಗಳಲ್ಲಿ ಬರೆಯುವವರು ಕಡಿಮೆ. ಬರೆಯಬೇಕು ಎಂದು ನನಗೆ ಅನಿಸಿದ್ದೂ ಅದಕ್ಕೇ.

ಸುದರ್ಶನ್ ಕಲಿಸಿದ ಸಮುದಾಯ ವೈದ್ಯಶಾಸ್ತ್ರವನ್ನು ವೈದ್ಯಕೀಯ ವಿದ್ಯಾರ್ಥಿಗಳು ಇವತ್ತಿಗೂ ಹಳೆಯ ಹೆಸರಿನಿಂದ ಪಿಎಸ್‌ಎಂ ಎಂದೇ ಕರೆಯುತ್ತಾರೆ, ರೋಗ ತಡೆ ಮತ್ತು ಸಾಮಾಜಿಕ ವೈದ್ಯಶಾಸ್ತ್ರ. ಪಾರ್ಕ್ ಅವರ ದಪ್ಪ ಪುಸ್ತಕವನ್ನು ಪರೀಕ್ಷೆಗೆ ಮುನ್ನ ಉರುಹೊಡೆದು ಪಾಸಾದರೆ ಮುಗಿಯಿತು ಎಂಬುದು ಬಹುಪಾಲು ವಿದ್ಯಾರ್ಥಿಗಳ ಧೋರಣೆ. ಸ್ನಾತಕೋತ್ತರ ಸೀಟು ಹಂಚುವಾಗ ರೇಡಿಯಾಲಜಿ, ಚರ್ಮರೋಗ, ಜನರಲ್ ಮೆಡಿಸಿನ್ ಎಲ್ಲ ತುಂಬಿದ ಮೇಲೆ ಉಳಿಯುವ ವಿಷಯಗಳಲ್ಲಿ ಇದೂ ಒಂದು. ಕಾರಣ ಹೇಳಬೇಕಾಗಿಲ್ಲ: ಈ ವೈದ್ಯರ ಬಳಿ ಕೈಮುಗಿದು ನಿಲ್ಲುವ ರೋಗಿ ಇರುವುದಿಲ್ಲ, ಖಾಸಗಿ ಪ್ರಾಕ್ಟೀಸ್‌ನ ಆದಾಯವೂ ಇಲ್ಲ. ಇವರು ಯಶಸ್ವಿಯಾದರೆ ಕಾಯಿಲೆ ಬರುವುದೇ ಇಲ್ಲ, ಬಾರದ ಕಾಯಿಲೆಗೆ ಧನ್ಯವಾದ ಹೇಳುವವರು ಯಾರು?

ಆದರೆ ಈ ವಿಷಯ ಪಠ್ಯಕ್ರಮದೊಳಗೆ ಬಂದದ್ದರ ಹಿಂದೆ ದೊಡ್ಡ ಕನಸಿತ್ತು. 1946ರ ಭೋರ್ ಸಮಿತಿ ವರದಿಯಲ್ಲಿ ಮುಂದಿನ ಭಾರತದ ವೈದ್ಯ ಸಮಾಜವನ್ನು ಬಲ್ಲವನಾಗಿರಬೇಕು ಎಂಬ ಕಲ್ಪನೆಯಿತ್ತು. ರೋಗ ತಡೆಯ ಪಾಠಕ್ಕೆ ಪ್ರತಿ ಕಾಲೇಜಿನಲ್ಲೂ ಪ್ರತ್ಯೇಕ ವಿಭಾಗ ಇರಬೇಕು ಎಂಬ ವಿಚಾರ ಬೆಳೆದದ್ದು ಅಲ್ಲಿಂದ. 1970ರ ದಶಕದಲ್ಲಿ ಶ್ರೀವಾಸ್ತವ ಸಮಿತಿ ವೈದ್ಯ ಶಿಕ್ಷಣವನ್ನು ಹಳ್ಳಿಯ ಕಡೆಗೆ ತಿರುಗಿಸಿ ಎಂದು ಮತ್ತೆ ಒತ್ತಿ ಹೇಳಿತು. ಪ್ರತಿ ವೈದ್ಯಕೀಯ ಕಾಲೇಜಿಗೂ ಒಂದು ಗ್ರಾಮೀಣ, ಒಂದು ನಗರ ಆರೋಗ್ಯ ತರಬೇತಿ ಕೇಂದ್ರ ಇರಬೇಕು ಎಂಬ ನಿಯಮದ ಬೇರು ಈ ಚಿಂತನೆಯಲ್ಲಿದೆ. ಹೀಗಾಗಿ ಸಮುದಾಯ ವೈದ್ಯಶಾಸ್ತ್ರದ ಮೇಷ್ಟ್ರಿಗೆ ಪಾಠ ಮಾಡುವುದರ ಜೊತೆಗೆ ಕಾಲೇಜಿನ ಗೋಡೆಯಾಚೆಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಹೊಣೆಯೂ ಇದೆ. ಹಲವು ಕಾಲೇಜುಗಳಲ್ಲಿ ಅದು ವ್ಯಾನಿನಲ್ಲಿ ಹೋಗಿ ಬರುವ ಶಾಸ್ತ್ರವಾಗಿ ಉಳಿಯಿತು. ಕಿಮ್ಸ್‌ನ ವಿಭಾಗ ಮಾತ್ರ ಒಂದೇ ಒಂದು ಕಾಯಿಲೆಯನ್ನು ಹಿಡಿದು ದಶಕಗಟ್ಟಲೆ ಬಿಡದೆ ಕೂತಿತು.

ಆ ಕಾಯಿಲೆ ರೇಬೀಸ್. ಹುಚ್ಚುನಾಯಿಯ ಜೊಲ್ಲಿನಲ್ಲಿರುವ ವೈರಸ್ಸು ಗಾಯದಲ್ಲಿ ಸೇರಿ, ಅಲ್ಲಿನ ನರದ ತುದಿಯನ್ನು ಹಿಡಿದು ನಿಧಾನವಾಗಿ ಮಿದುಳಿನತ್ತ ಹೊರಡುತ್ತದೆ. ಕಾಲಿನ ಗಾಯವಾದರೆ ದಾರಿ ಉದ್ದ, ಮುಖ ಅಥವಾ ತಲೆಯ ಗಾಯವಾದರೆ ತೀರಾ ಹತ್ತಿರ. ನಾಯಿಯ ಎತ್ತರಕ್ಕೇ ಮುಖ ಸಿಗುವ ಸಣ್ಣ ಮಕ್ಕಳಿಗೆ ಅಪಾಯ ಹೆಚ್ಚಿರುವುದು ಇದರಿಂದಲೇ. ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಏನೂ ಕಾಣಿಸುವುದಿಲ್ಲ. ಆ ಅವಧಿಯೊಳಗೆ ಲಸಿಕೆ ದೇಹದಲ್ಲಿ ಪ್ರತಿರೋಧ ಕಟ್ಟಿದರೆ ಬದುಕು ಉಳಿಯಿತು. ನೀರು ಕಂಡರೆ ಗಂಟಲು ಬಿಗಿಯುವ, ಗಾಳಿ ಬೀಸಿದರೆ ಬೆಚ್ಚುವ ಲಕ್ಷಣ ಶುರುವಾಯಿತೆಂದರೆ ಆಮೇಲೆ ಮದ್ದಿಲ್ಲ. ಬೆಂಗಳೂರಿನಲ್ಲಿ ಅಂಥವರನ್ನು ಕರೆದೊಯ್ಯುತ್ತಿದ್ದದ್ದು ಇಂದಿರಾನಗರದ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಗೆ, ಹೂಡಿಯವರು ಕೆ.ಆರ್. ಪುರ ದಾಟಿ ಹಳೆ ಮದ್ರಾಸ್ ರಸ್ತೆ ಹಿಡಿದು ಊರೊಳಗೆ ಹೋಗುವ ದಾರಿಯ ಕಡೆಗೇ. ಅಲ್ಲಿ ಮಾಡಬಹುದಾದದ್ದು ಕತ್ತಲ ಕೋಣೆ, ನಿದ್ದೆಯ ಮದ್ದು, ನರಳಾಟ ಕಡಿಮೆ ಮಾಡುವುದು, ಅಷ್ಟೇ.

ಇಷ್ಟು ಭಯಂಕರ ಕಾಯಿಲೆಗೆ ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಗುತ್ತಿದ್ದ ಲಸಿಕೆ ಯಾವುದು? 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ್ದು. ಕುರಿಯ ಮಿದುಳಿನಲ್ಲಿ ವೈರಸ್ಸನ್ನು ಬೆಳೆಸಿ, ಫೀನಾಲ್ ಹಾಕಿ ಅದರ ಜೀವ ತೆಗೆದು, ಆ ಮಿದುಳನ್ನೇ ಅರೆದು ಮಾಡಿದ ದ್ರಾವಣ. ದಿನವೂ ಕೆಲವು ಮಿಲಿಲೀಟರ್‌ನಂತೆ ಹೊಟ್ಟೆಯ ಚರ್ಮದಡಿ ಚುಚ್ಚಬೇಕು, ಗಾಯದ ತೀವ್ರತೆ ನೋಡಿ ಏಳರಿಂದ ಹದಿನಾಲ್ಕು ದಿನ. ಅದರಲ್ಲಿ ಕುರಿಯ ನರಕೋಶದ ಅಂಶವೂ ಇರುತ್ತಿತ್ತಾದ್ದರಿಂದ ಕೆಲವರ ದೇಹ ತನ್ನದೇ ನರಗಳ ಮೇಲೆ ತಿರುಗಿಬಿದ್ದು ಕೈಕಾಲು ಬಿದ್ದುಹೋಗುತ್ತಿತ್ತು, ಕೆಲವರ ಜೀವವೇ ಹೋಗುತ್ತಿತ್ತು. ಕೋಶ ಕೃಷಿಯಲ್ಲಿ ಬೆಳೆಸಿದ ಸುರಕ್ಷಿತ ಲಸಿಕೆ ಬಂದು ವರ್ಷಗಳಾಗಿದ್ದರೂ ಅದು ದುಡ್ಡಿದ್ದವರ ಪಾಲಾಗಿತ್ತು. ಬಡವನಿಗೆ ಕುರಿಯ ಮಿದುಳೇ ಗತಿ. ಒಂದೇ ಊರಿನಲ್ಲಿ, ಒಂದೇ ನಾಯಿ ಕಚ್ಚಿದ ಇಬ್ಬರಿಗೆ ಎರಡು ಬಗೆಯ ಲಸಿಕೆ ಸಿಗುವ ಸ್ಥಿತಿ ಹೊಸ ಶತಮಾನ ಬಂದ ಮೇಲೂ ಮುಂದುವರಿದಿತ್ತು ಎಂಬುದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಸರ್ಕಾರ ಯಾಕೆ ಸುಮ್ಮನಿತ್ತು? ಲೆಕ್ಕವೇ ಇರಲಿಲ್ಲ, ಅದಕ್ಕೆ. ರೇಬೀಸ್‌ನಿಂದ ಸಾಯುತ್ತಿರುವವರನ್ನು ಮನೆಯವರು ಕೊನೆಯ ಗಳಿಗೆಯಲ್ಲಿ ಆಸ್ಪತ್ರೆಯಿಂದ ಬಿಡಿಸಿಕೊಂಡು ಹೋಗುತ್ತಾರೆ. ಸಾವು ಮನೆಯಲ್ಲಿ ನಡೆಯುತ್ತದೆ, ಮರಣೋತ್ತರ ಪರೀಕ್ಷೆ ಆಗುವುದಿಲ್ಲ, ಸತ್ತವರಲ್ಲಿ ಬಹಳ ಮಂದಿ ಹಳ್ಳಿಯ ಬಡವರು. ಹೀಗೆ ಸತ್ತವರು ಯಾವ ರಿಜಿಸ್ಟರಿನಲ್ಲೂ ಸರಿಯಾದ ಕಾರಣದೊಂದಿಗೆ ಕಾಣಿಸುವುದಿಲ್ಲ. ರಿಜಿಸ್ಟರಿನಲ್ಲಿ ಇಲ್ಲದ ಸಾವಿಗೆ ಬಜೆಟ್ಟಿನಲ್ಲೂ ಜಾಗವಿಲ್ಲ.

1998ರಲ್ಲಿ ಭಾರತದಲ್ಲಿ ರೇಬೀಸ್ ತಡೆ ಮತ್ತು ನಿಯಂತ್ರಣದ ಸಂಘ ಹುಟ್ಟಿತು. ಎಪಿಸಿಆರ್‌ಐ ಎಂಬ ಕಿರುಹೆಸರಿನ ಆ ಸಂಘದ ಸ್ಥಾಪಕ ಅಧ್ಯಕ್ಷರು ಸುದರ್ಶನ್. 2003ರ ಫೆಬ್ರವರಿಯಿಂದ ಆಗಸ್ಟ್‌ವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಈ ಸಂಘ ರಾಷ್ಟ್ರಮಟ್ಟದ ಸಮೀಕ್ಷೆ ನಡೆಸಿತು. ಅದರಲ್ಲಿ ಕೈಜೋಡಿಸಿದ್ದು 21 ವೈದ್ಯಕೀಯ ಕಾಲೇಜುಗಳು. ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಇದೇ. ದೇಶದ ತುಂಬ ಹರಡಿಕೊಂಡ ಸಮುದಾಯ ವೈದ್ಯಶಾಸ್ತ್ರ ವಿಭಾಗಗಳು, ಯಾರೂ ಲೆಕ್ಕಕ್ಕೆ ಹಿಡಿಯದ ಆ ವಿಭಾಗಗಳೇ, ಒಟ್ಟಾಗಿ ನಿಂತರೆ ಇಡೀ ದೇಶವನ್ನು ಓದಬಲ್ಲವು ಎಂಬುದನ್ನು ಆ ಏಳು ತಿಂಗಳು ತೋರಿಸಿಕೊಟ್ಟವು. 1.08 ಕೋಟಿ ಜನಸಂಖ್ಯೆಯನ್ನು ಪ್ರಾತಿನಿಧಿಕವಾಗಿ ಆರಿಸಿ ಸಮೀಕ್ಷೆ ಮಾಡಿದರು. ಸಾಂಕ್ರಾಮಿಕ ರೋಗಗಳ 22 ಆಸ್ಪತ್ರೆಗಳ ದಾಖಲೆಗಳನ್ನು ಬೇರೆಯಾಗಿ ನೋಡಿದರು. ನಿಮ್ಹಾನ್ಸ್‌ನ ವೈರಾಣು ತಜ್ಞ ಡಾ. ಎಸ್.ಎನ್. ಮಧುಸೂದನ, ಪಶುವೈದ್ಯ ಡಾ. ಎಸ್. ಅಬ್ದುಲ್ ರಹಮಾನ್, ಸಂಖ್ಯಾಶಾಸ್ತ್ರದ ಗಂಗಬೋರಯ್ಯ ಮುಂತಾದವರು ಜೊತೆಗಿದ್ದರು. ಮನುಷ್ಯರ ವೈದ್ಯರೂ ಪ್ರಾಣಿಗಳ ವೈದ್ಯರೂ ಲೆಕ್ಕದವರೂ ಒಂದೇ ಮೇಜಿನ ಸುತ್ತ ಕೂರುವುದು ನಮ್ಮಲ್ಲಿ ಆಗಲೂ ಅಪರೂಪ, ಈಗಲೂ ಅಪರೂಪ.

ಸಿಕ್ಕಿದ ಲೆಕ್ಕ ಹೀಗಿತ್ತು: ವರ್ಷಕ್ಕೆ 17,137 ಸಾವು. ನೀರಿನ ಭಯ ಕಾಣಿಸದೆ ಲಕ್ವದಂತೆ ಬರುವ, ಹಾಗಾಗಿ ರೇಬೀಸ್ ಎಂದೇ ಗುರುತಾಗದ ಪ್ರಕರಣಗಳಿಗಾಗಿ ತಜ್ಞರ ಸಲಹೆಯಂತೆ ಶೇ 20ರಷ್ಟು ಸೇರಿಸಿದರೆ 20,565. ಕಚ್ಚಿದ ಪ್ರಾಣಿಗಳಲ್ಲಿ ಶೇ 96ರಷ್ಟು ನಾಯಿಗಳೇ, ಅದರಲ್ಲೂ ಹೆಚ್ಚಿನವು ಬೀದಿನಾಯಿಗಳು. ಸತ್ತವರಲ್ಲಿ ಬಹುಪಾಲು ಹಳ್ಳಿಯ ಗಂಡಸರು, ಲಸಿಕೆಯನ್ನೇ ಕಾಣದವರು. ಇದೇ ಸಮೀಕ್ಷೆಯ ಇನ್ನೊಂದು ಭಾಗ ಮನಸ್ಸಿಗೆ ಇನ್ನೂ ಚುಚ್ಚುವಂಥದ್ದು: ಕಚ್ಚಿಸಿಕೊಂಡವರಲ್ಲಿ ಗಾಯ ತೊಳೆದುಕೊಂಡವರು ಶೇ 40ರಷ್ಟೂ ಇರಲಿಲ್ಲ, ಲಸಿಕೆ ಹಾಕಿಸಿಕೊಂಡವರು ಅರ್ಧಕ್ಕಿಂತ ಕಡಿಮೆ. ಉಳಿದವರು ಅರಿಶಿನ, ಸುಣ್ಣ, ಮೆಣಸಿನಪುಡಿ, ನಾಟಿ ಮದ್ದು, ಮಂತ್ರ ಎಂದು ದಿನ ಕಳೆದವರು. ನೀರು ಮತ್ತು ಸೋಪು ಇರುವ ಮನೆಯಲ್ಲೂ ಗಾಯ ತೊಳೆಯಬೇಕೆಂಬ ತಿಳಿವಳಿಕೆ ಇರಲಿಲ್ಲ ಎಂದರೆ ಅದು ಆರೋಗ್ಯ ಶಿಕ್ಷಣದ ಸೋಲು.

2004ರ ಕೊನೆಗೆ ಕುರಿ ಮಿದುಳಿನ ಲಸಿಕೆಯ ತಯಾರಿ ದೇಶದಲ್ಲಿ ನಿಂತಿತು. ಅದರ ಶ್ರೇಯಸ್ಸನ್ನು ಒಬ್ಬರಿಗೇ ಕೊಡುವುದು ತಪ್ಪು. ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲದಿಂದ ಅದನ್ನು ಬಿಡಿ ಎನ್ನುತ್ತಲೇ ಇತ್ತು. ಆದರೆ ಲಸಿಕೆ ನಿಲ್ಲಿಸಿದ ಕೂಡಲೇ ಇನ್ನೊಂದು ಪ್ರಶ್ನೆ ಎದುರಾಯಿತು. ಹೊಸ ಲಸಿಕೆ ದುಬಾರಿ. ಸ್ನಾಯುವಿಗೆ ಕೊಡುವ ಕ್ರಮದಲ್ಲಿ ಒಬ್ಬರಿಗೆ ಐದು ಸೀಸೆ ಬೇಕು. ಕೋಟಿಗಟ್ಟಲೆ ಜನಕ್ಕೆ ಅದನ್ನು ಎಲ್ಲಿಂದ ತರುವುದು?

ಉತ್ತರ ಸಿಕ್ಕಿದ್ದು ಚರ್ಮದಲ್ಲಿ. ಸ್ನಾಯುವಿಗಿಂತ ಚರ್ಮದ ಪದರದಲ್ಲಿ ರೋಗ ಪ್ರತಿರೋಧದ ಕೋಶಗಳು ದಟ್ಟವಾಗಿವೆ, ಅಲ್ಲಿಗೆ ಸ್ವಲ್ಪವೇ ಲಸಿಕೆ ಮುಟ್ಟಿಸಿದರೂ ದೇಹ ಎಚ್ಚೆತ್ತುಕೊಳ್ಳುತ್ತದೆ. ಥಾಯ್ಲೆಂಡ್‌ನಲ್ಲಿ ರೂಢಿಯಾದ ಕ್ರಮ ಇದು. ಎರಡು ಜಾಗದಲ್ಲಿ 0.1 ಮಿಲಿಲೀಟರ್‌ನಂತೆ, ಕಚ್ಚಿಸಿಕೊಂಡು ಬಂದ ದಿನ, ನಂತರ 3, 7 ಮತ್ತು 28ನೇ ದಿನ. ನಾಲ್ಕು ಭೇಟಿ ಸೇರಿದರೂ ಒಬ್ಬರಿಗೆ 0.8 ಮಿಲಿಲೀಟರ್ ಸಾಕು. ಐದು ಸೀಸೆಯ ಜಾಗದಲ್ಲಿ ಒಂದು ಅಥವಾ ಎರಡು ಸೀಸೆಯ ಲೆಕ್ಕ. ನಮ್ಮ ಜನರ ಮೈಯಲ್ಲಿ, ನಮ್ಮಲ್ಲಿ ಸಿಗುವ ಲಸಿಕೆಗಳಿಂದ ಇದು ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆಯೇ ಎಂದು ನೋಡುವ ಅಧ್ಯಯನಗಳಲ್ಲಿ ಬೆಂಗಳೂರಿನ ಕಿಮ್ಸ್ ಮತ್ತು ನಿಮ್ಹಾನ್ಸ್ ತಂಡಗಳ ದುಡಿಮೆ ಸೇರಿದೆ. 2006ರಲ್ಲಿ ಭಾರತದ ಔಷಧ ನಿಯಂತ್ರಕರು ಈ ಕ್ರಮಕ್ಕೆ ಒಪ್ಪಿಗೆ ಕೊಟ್ಟರು.

ಇಲ್ಲಿ ಆಡಳಿತದ ಮಾತು ಬರುತ್ತದೆ. ತೆರೆದ ಸೀಸೆಯನ್ನು ಕೆಲವೇ ಗಂಟೆಗಳೊಳಗೆ ಬಳಸಿ ಮುಗಿಸಬೇಕು, ಇಲ್ಲವಾದರೆ ಚೆಲ್ಲಬೇಕು. ಹಾಗಾಗಿ ಈ ಕ್ರಮ ಲಾಭದಾಯಕವಾಗುವುದು ಕಚ್ಚಿಸಿಕೊಂಡವರು ಒಂದೇ ಕಡೆ ಸೇರುವ ಚಿಕಿತ್ಸಾಲಯ ಇದ್ದಾಗ. ಚರ್ಮದೊಳಗೆ ಸೂಜಿ ಹಾಕಲು ಪಳಗಿದ ನರ್ಸ್ ಬೇಕು, ದಿನವೂ ಬಾಗಿಲು ತೆರೆದಿರಬೇಕು, ಶೀತಲ ಪೆಟ್ಟಿಗೆಗೆ ಕರೆಂಟು ಇರಬೇಕು, 28ನೇ ದಿನ ಬಾರದವರನ್ನು ಫೋನು ಮಾಡಿ ಕರೆಯುವ ಜನ ಬೇಕು. ಪ್ರಬಂಧ ಬರೆಯುವವರಿಗೆ ಇದು ಕಾಣಿಸುವುದಿಲ್ಲ, ಕಾಲೇಜು ನಡೆಸುವವರಿಗೆ ಮಾತ್ರ ಕಾಣುತ್ತದೆ. ಕಿಮ್ಸ್ ಆಸ್ಪತ್ರೆಯ ರೇಬೀಸ್ ತಡೆ ಚಿಕಿತ್ಸಾಲಯವನ್ನು ನೋಡಿಕೊಳ್ಳುವುದು ಸಮುದಾಯ ವೈದ್ಯಶಾಸ್ತ್ರ ವಿಭಾಗವೇ. ವಿದ್ಯಾರ್ಥಿ ಅಲ್ಲಿ ಲಸಿಕೆಯನ್ನೂ ಕಲಿಯುತ್ತಾನೆ, ಸಾಲಿನಲ್ಲಿ ನಿಂತ ಕೂಲಿಯವನ ಒಂದು ದಿನದ ಸಂಬಳ ಹೋಗುವುದನ್ನೂ ನೋಡುತ್ತಾನೆ. ಆ ವಿಭಾಗದ ಮೇಷ್ಟ್ರು ಪ್ರಾಂಶುಪಾಲರ ಕುರ್ಚಿಯಲ್ಲಿ ಕೂತರೆ ಇಂಥ ಚಿಕಿತ್ಸಾಲಯಕ್ಕೆ ಜಾಗ, ಜನ, ಬೆಲೆ ಸಿಗುತ್ತದೆ. ನಮ್ಮ ಕಾಲೇಜುಗಳಲ್ಲಿ ಆ ಕುರ್ಚಿಗೆ ಶಸ್ತ್ರಚಿಕಿತ್ಸಕರೋ ಫಿಸಿಷಿಯನ್ನರೋ ಬರಲಿ ಎಂದು ಬಯಸುವುದೇ ಹೆಚ್ಚು. ಇದು ಬದಲಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾಲೇಜುಗಳ ಮೇಲಿರುವ ವಿಶ್ವವಿದ್ಯಾಲಯದ ಹೊಣೆಯೂ ಇಲ್ಲಿದೆ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಹುಟ್ಟಿ ರಾಜ್ಯದ ವೈದ್ಯಕೀಯ ಕಾಲೇಜುಗಳು ಅದರಡಿ ಬಂದವು. ಅಂಥದೊಂದು ವಿಶ್ವವಿದ್ಯಾಲಯ ಪರೀಕ್ಷೆ, ಪದವಿಗಳಾಚೆಗೂ ಏನು ಮಾಡಬಲ್ಲದು ಎಂಬುದಕ್ಕೆ ದೇಶದ 21 ಕಾಲೇಜುಗಳು ಸೇರಿ ಮಾಡಿದ ಆ ಸಮೀಕ್ಷೆ ಕಣ್ಣೆದುರಿನ ಮಾದರಿ.

ನಿವೃತ್ತಿಯ ನಂತರ ಸುದರ್ಶನ್ ಅವರ ಹೆಸರು ಮನೆಮನೆಗೆ ಮುಟ್ಟಿದ್ದು ಕೋವಿಡ್ ಕಾಲದಲ್ಲಿ. 2020ರಲ್ಲಿ ರಾಜ್ಯ ಸರ್ಕಾರ ರಚಿಸಿದ ತಾಂತ್ರಿಕ ಸಲಹಾ ಸಮಿತಿಗೆ ಅವರೇ ಅಧ್ಯಕ್ಷರು. ನಿಮ್ಹಾನ್ಸ್‌ನ ವೈರಾಣು ತಜ್ಞ ಡಾ. ವಿ. ರವಿ, ಸಾಂಕ್ರಾಮಿಕ ರೋಗ ತಜ್ಞ ಡಾ. ಗಿರಿಧರ ಬಾಬು ಮೊದಲಾದವರು ಅದರಲ್ಲಿದ್ದರು. ಅಲ್ಲೂ ಎಣಿಕೆಯ ಪಾಠವೇ. ಆ ವರ್ಷದ ಸೆಪ್ಟೆಂಬರಿನಲ್ಲಿ ನಡೆದ ರಾಜ್ಯ ಸಮೀಕ್ಷೆ, ಕರ್ನಾಟಕದ ಶೇ 27.3ರಷ್ಟು ಜನರಿಗೆ ಆಗಲೇ ಸೋಂಕು ತಗುಲಿದೆ ಎಂದು ಅಂದಾಜಿಸಿತು, ಅಂದರೆ 1.93 ಕೋಟಿ ಜನ. ಪರೀಕ್ಷೆಯಲ್ಲಿ ಸಿಕ್ಕವರ ಸಂಖ್ಯೆಗೂ ಇದಕ್ಕೂ ಅಜಗಜಾಂತರ. ನವೆಂಬರ್ ಕೊನೆಗೆ ಸಮಿತಿ, ಹೊಸ ವರ್ಷದ ಮೊದಲ ತಿಂಗಳುಗಳಲ್ಲಿ ಎರಡನೇ ಅಲೆ ಬರಬಹುದು, ಹಾಸಿಗೆ, ಪರೀಕ್ಷೆ, ಸಿಬ್ಬಂದಿ ಎಲ್ಲ ಸಿದ್ಧವಿರಲಿ ಎಂದು ವರದಿ ಕೊಟ್ಟಿತು. ಅಲೆ ಮಾರ್ಚ್‌ನಲ್ಲಿ ಎದ್ದಿತು. 2021ರ ಮೇ 5ರಂದು ಒಂದೇ ದಿನ ರಾಜ್ಯದಲ್ಲಿ 50,112 ಪ್ರಕರಣಗಳು ದಾಖಲಾದವು. ವೈಟ್‌ಫೀಲ್ಡ್, ಹೂಡಿ, ಕೆ.ಆರ್. ಪುರದ ಮನೆಗಳಲ್ಲಿ ಆಕ್ಸಿಜನ್ ಸಿಲಿಂಡರಿಗಾಗಿ ರಾತ್ರಿಯಿಡೀ ಫೋನು ತಿರುಗಿಸಿದವರಿಗೆ ಆ ವಾರಗಳನ್ನು ಯಾರೂ ನೆನಪಿಸಬೇಕಿಲ್ಲ. ಮೇಷ್ಟ್ರು ಮುಂಚೆ ಹೇಳಿದ್ದನ್ನು ಊರು ಆಮೇಲೆ ಕೇಳಿಸಿಕೊಳ್ಳುವುದು ಈ ವೃತ್ತಿಯ ದೊಡ್ಡ ನೋವು.

ಮತ್ತೆ ರೇಬೀಸ್‌ಗೆ ಬರೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಂಡ 2022–23ರಲ್ಲಿ 15 ರಾಜ್ಯಗಳ 60 ಜಿಲ್ಲೆಗಳಲ್ಲಿ ಹೊಸ ಸಮೀಕ್ಷೆ ನಡೆಸಿತು. ಅದರ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ 91 ಲಕ್ಷ ಕಡಿತ, 5,726 ಸಾವು. ಎರಡೂ ಸಮೀಕ್ಷೆಗಳ ವಿಧಾನ ಒಂದೇ ಅಲ್ಲ, ಆದರೂ ಸಾವು ಗಣನೀಯವಾಗಿ ಇಳಿದಿದೆ ಎಂಬುದರಲ್ಲಿ ಅನುಮಾನವಿಲ್ಲ. ಇಪ್ಪತ್ತು ಸಾವಿರದಿಂದ ಆರು ಸಾವಿರದೊಳಗೆ. ಬದುಕಿ ಉಳಿದವರಿಗೆ ತಾವು ಬದುಕಿದ್ದು ಯಾವ ಸಮೀಕ್ಷೆಯಿಂದ, ಯಾವ ಒಪ್ಪಿಗೆ ಪತ್ರದಿಂದ ಎಂದು ಗೊತ್ತಿಲ್ಲ. ಆದರೆ ಅದೇ ಹೊಸ ಸಮೀಕ್ಷೆ ಇನ್ನೊಂದನ್ನೂ ಹೇಳುತ್ತದೆ: ಕಚ್ಚಿಸಿಕೊಂಡ ಐವರಲ್ಲಿ ಒಬ್ಬರು ಈಗಲೂ ಲಸಿಕೆಯನ್ನೇ ಹಾಕಿಸಿಕೊಳ್ಳುವುದಿಲ್ಲ. ಹಾಕಿಸಿಕೊಂಡವರಲ್ಲೂ ಅನೇಕರು ನೋವು ಮಾಯವಾದ ಕೂಡಲೇ ಅರ್ಧಕ್ಕೆ ಬಿಡುತ್ತಾರೆ.

ಹೂಡಿಯಂಥ ಜಾಗದಲ್ಲಿ ಆ ಐದನೆಯವರು ಯಾರೆಂದು ಊಹಿಸುವುದು ಕಷ್ಟವಲ್ಲ. ಯಾದಗಿರಿ, ರಾಯಚೂರು, ಒಡಿಶಾ, ಬಿಹಾರ, ಬಂಗಾಳದಿಂದ ಬಂದು ಮೇಸ್ತ್ರಿ ತೋರಿಸಿದ ಶೆಡ್ಡಿನಲ್ಲಿ ಇರುವವರು. ಆಗಾಗ ಜಾಗ ಬದಲಾಯಿಸುವವರಿಗೆ 28ನೇ ದಿನದ ಸೂಜಿ ನೆನಪಿರುವುದಾದರೂ ಹೇಗೆ, ಅಷ್ಟರಲ್ಲಿ ಅವರು ಬೇರೆ ಸೈಟಿನಲ್ಲಿರುತ್ತಾರೆ. ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರಿಂದ ಪ್ರತಿ ಎಂಬಿಬಿಎಸ್ ವಿದ್ಯಾರ್ಥಿಯೂ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಓದು ಮುಗಿಯುವವರೆಗೆ ಅವರ ಆರೋಗ್ಯ ನೋಡಬೇಕೆಂಬ ನಿಯಮ ತಂದಿದೆ. ಒಳ್ಳೆಯ ನಿಯಮ, ಆದರೆ ಅದರ ಕಣ್ಣು ಹಳ್ಳಿಯ ಮೇಲಿದೆ. ಹಳ್ಳಿಯಿಂದ ಎದ್ದು ಬಂದು ಹೂಡಿಯ ಶೆಡ್ಡಿನಲ್ಲಿ ಕೂತ ಕುಟುಂಬ ಹಳ್ಳಿಯ ಪಟ್ಟಿಯಲ್ಲೂ ಇಲ್ಲ, ನಗರದ ಪಟ್ಟಿಯಲ್ಲೂ ಇಲ್ಲ. ವೈಟ್‌ಫೀಲ್ಡ್ ಸುತ್ತಲೇ ವೈದ್ಯಕೀಯ ಕಾಲೇಜೂ ದೊಡ್ಡ ಆಸ್ಪತ್ರೆಗಳೂ ಇವೆ. ನಗರದ ಪ್ರತಿ ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗಕ್ಕೆ ಕೆಲವು ವಾರ್ಡುಗಳನ್ನು ಹೆಸರಿಟ್ಟು ಒಪ್ಪಿಸಬೇಕು, ಅಲ್ಲಿನ ಶೆಡ್ಡುಗಳನ್ನು ಎಣಿಸುವುದು, ಕಡಿತದ ಲೆಕ್ಕ ಇಡುವುದು, ಸೂಜಿ ತಪ್ಪಿಸಿದವರನ್ನು ಹುಡುಕುವುದು ಆ ವಿಭಾಗದ ಕೆಲಸವಾಗಬೇಕು. 2022ರ ಕೊನೆಗೆ ಕರ್ನಾಟಕ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿದೆ. ಕಾನೂನು ಇದೆ, ವಿದ್ಯಾರ್ಥಿಗಳಿದ್ದಾರೆ. ಇವೆರಡನ್ನೂ ಜೋಡಿಸುವವರು ಬೇಕು.

ನಾಯಿಗಳ ವಿಷಯದಲ್ಲಿ ನಮ್ಮ ಜಗಳದ ಸದ್ದು ಹೆಚ್ಚು, ಕೆಲಸ ಕಡಿಮೆ. 2025ರಲ್ಲಿ ಸುಪ್ರೀಂ ಕೋರ್ಟು ಬೀದಿನಾಯಿಗಳ ಬಗ್ಗೆ ಕೊಟ್ಟ ಆದೇಶಗಳ ಸುತ್ತ ಅಪಾರ್ಟ್‌ಮೆಂಟುಗಳ ವಾಟ್ಸ್‌ಆ್ಯಪ್ ಗುಂಪುಗಳು ಎರಡು ಹೋಳಾದವು. ಒಂದು ಪ್ರದೇಶದ ಕನಿಷ್ಠ ಶೇ 70ರಷ್ಟು ನಾಯಿಗಳಿಗೆ ವರ್ಷ ವರ್ಷ ರೇಬೀಸ್ ಲಸಿಕೆ ಹಾಕಿದರೆ ನಾಯಿಯಿಂದ ನಾಯಿಗೆ ರೋಗ ಹರಡುವುದು ನಿಲ್ಲುತ್ತದೆ ಎಂಬುದು ಜಗತ್ತಿನಾದ್ಯಂತ ಒಪ್ಪಿರುವ ಲೆಕ್ಕ. 2030ರೊಳಗೆ ನಾಯಿಯಿಂದ ಬರುವ ರೇಬೀಸ್ ಸಾವನ್ನು ಇಲ್ಲವಾಗಿಸುವ ಗುರಿ ದೇಶಕ್ಕಿದೆ, ಅದಕ್ಕೆ ಉಳಿದಿರುವ ಸಮಯ ತೀರ ಕಡಿಮೆ. ನಾಯಿಪ್ರೀತಿಯವರೂ ನಾಯಿಭಯದವರೂ ತಮ್ಮ ಬೀದಿಯ ಎಷ್ಟು ನಾಯಿಗಳಿಗೆ ಈ ವರ್ಷ ಲಸಿಕೆ ಆಗಿದೆ ಎಂಬ ಒಂದು ಪ್ರಶ್ನೆಯನ್ನು ಒಟ್ಟಿಗೆ ಸೇರಿ ಪಾಲಿಕೆಗೆ ಕೇಳಿದರೆ ಸಾಕು.

ಓದುಗರಲ್ಲಿ ಒಂದು ಕೋರಿಕೆ. ಇದನ್ನು ನಿಮ್ಮ ಮನೆಗೆಲಸದವರಿಗೆ, ಸೆಕ್ಯುರಿಟಿಯವರಿಗೆ, ಪಕ್ಕದ ಸೈಟಿನ ಗಾರೆ ಕೆಲಸದವರಿಗೆ ಹೇಳಿ, ಅವರ ಮಕ್ಕಳಿಗೂ ಹೇಳಿ. ನಾಯಿ ಕಚ್ಚಿದರೆ, ಪರಚಿದರೆ, ಗಾಯದ ಮೇಲೆ ನೆಕ್ಕಿದರೆ ಕೂಡಲೇ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಖಾರ ಏನನ್ನೂ ಹಚ್ಚಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರಕ್ತ ಬಂದ ಗಾಯವಾದರೆ ಲಸಿಕೆಯ ಜೊತೆಗೆ ಗಾಯದೊಳಕ್ಕೇ ಕೊಡುವ ಇಮ್ಯುನೊಗ್ಲಾಬುಲಿನ್ ಚುಚ್ಚುಮದ್ದನ್ನು ಕೇಳಿ ಹಾಕಿಸಿಕೊಳ್ಳಬೇಕು. 3, 7, 28ನೇ ದಿನದ ಸೂಜಿಗಳಲ್ಲಿ ಒಂದನ್ನೂ ಬಿಡಬಾರದು. ಕಚ್ಚಿ ವಾರಗಳೇ ಆಗಿದ್ದರೂ ತಡವಾಯಿತೆಂದು ಸುಮ್ಮನಿರದೆ ಈಗಲೇ ಹೋಗಿ.